ವ್ಯಾನಿನೊಳಗಿನ ಮನೆ: ಕಟ್ಟಿದ್ದು, ತೂಗಿಸಿದ್ದು, ಬಿಚ್ಚಿದ್ದು

ಚಾಮುಂಡಿ ಬೆಟ್ಟದ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ನಮ್ಮ ಯಜಮಾನರು ಗಾಡಿ ನಿಲ್ಲಿಸಿದರು. ಬಸ್ಸು ಇಳಿದು ಹೋಯಿತು. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರು. ಮುಂದಿನ ಚಕ್ರ ಗಿರ್ರನೆ ಸುತ್ತಿತು, ಗಾಡಿ ಕದಲಲಿಲ್ಲ. ಶ್ರಾವಣದ ಜಿಟಿಜಿಟಿ ಮಳೆ, ರಸ್ತೆಯೆಲ್ಲ ಒದ್ದೆ. ಎರಡನೇ ಸಲವೂ ಅದೇ. ಮೂರನೇ ಸಲ ರಬ್ಬರ್ ಸುಟ್ಟ ವಾಸನೆ ಬಂತು.

"ಇಳಿದು ತಳ್ಳಲಾ?" ಅಂದೆ.

"ಸುಮ್ನೆ ಕೂತ್ಕೊಳೇ. ನೀನು ಇಳಿದರೆ ಮುಂದಿನ ಚಕ್ರಕ್ಕೆ ಇರೋ ತೂಕವೂ ಹೋಗುತ್ತೆ" ಅಂದರು.

ತಮಾಷೆಗೆ ಹೇಳಿದ್ದು. ಆದರೆ ಗಾಡಿಯ ಕಾಯಿಲೆ ಅದೇ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಹಿಂದಕ್ಕೆ ಬಿಟ್ಟುಕೊಂಡು ಬಂದು, ಅಗಲ ಜಾಗ ಸಿಕ್ಕಿದ ಕಡೆ ತಿರುಗಿಸಿ, ಮಾತಾಡದೆ ಮನೆಗೆ ಬಂದೆವು. ಕುವೆಂಪುನಗರದ ನಮ್ಮ ಮನೆಯ ಮಹಡಿಯಿಂದ ಬೆಟ್ಟ ಕಾಣುತ್ತದೆ. ದೇಶ ಸುತ್ತಲು ಆರು ತಿಂಗಳು ಕೂತು ಕಟ್ಟಿದ ಗಾಡಿ, ಮಹಡಿಯಿಂದ ಕಾಣುವ ಬೆಟ್ಟ ಹತ್ತಲಿಲ್ಲ.

ನಮ್ಮ ಬಗ್ಗೆ ಒಂದೆರಡು ಮಾತು. ಇವರು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನಾನು ಶ್ರೀರಂಗಪಟ್ಟಣ ತಾಲ್ಲೂಕಿನ ಸರ್ಕಾರಿ ಹೈಸ್ಕೂಲುಗಳಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಹಾಗಾಗಿ ಮರ, ಕಬ್ಬಿಣ ಅವರದು. ಕರೆಂಟು, ಲೆಕ್ಕ ನನ್ನದು. ದೀಪಾವಳಿ ಮುಗಿಸಿ ಹೊರಡುವುದು, ಅರಸೀಕೆರೆ ಮೇಲಿಂದ ಹುಬ್ಬಳ್ಳಿ, ಬೆಳಗಾವಿ, ಪುಣೆ ದಾಟಿ ಚಳಿಗಾಲಕ್ಕೆ ಕಛ್ ಮತ್ತು ರಾಜಸ್ಥಾನ, ಅಲ್ಲಿಂದ ಕಾಶಿ, ಆಮೇಲೆ ರಾಷ್ಟ್ರೀಯ ಹೆದ್ದಾರಿ 44 ಹಿಡಿದು ನಾಗಪುರ, ಹೈದರಾಬಾದ್ ಮೇಲೆ ವಾಪಸ್. ಇದು ಯೋಜನೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡುತ್ತೆ ಅಂತಾರಲ್ಲ, ಅದು ಓಡುವುದರೊಳಗೆ ನಾಗಪುರ ದಾಟಿರಬೇಕು. ಅಲ್ಲಿನ ಬಿಸಿಲಲ್ಲಿ ತಗಡಿನ ಡಬ್ಬದೊಳಗೆ ಮಲಗುವ ವಯಸ್ಸಲ್ಲ ನಮ್ಮದು.

ಬಿಚ್ಚಿ ನೋಡಿದಾಗ

ತಗೊಂಡಿದ್ದು 2016ರ ಟಾಟಾ ವಿಂಗರ್, ಸೆಕೆಂಡ್ ಹ್ಯಾಂಡ್, ಬಿಳಿ ಬೋರ್ಡ್. ಹಳದಿ ಬೋರ್ಡಿನದು ಇನ್ನೂ ಅಗ್ಗಕ್ಕೆ ಸಿಗುತ್ತಿತ್ತು. ಆದರೆ ಅದನ್ನು ಸ್ವಂತ ಬಳಕೆಗೆ ಬದಲಾಯಿಸುವ ಓಡಾಟ ಬೇಡ ಅನ್ನಿಸಿತು. ವಿಂಗರ್ ಬಗ್ಗೆ ಎರಡು ವಿಷಯ ಮೊದಲೇ ತಿಳಿದಿರಬೇಕು. ಒಂದು, ಇದಕ್ಕೆ ಲಾರಿಯ ಥರ ಬೇರೆ ಚಾಸಿ ಇಲ್ಲ, ಮೈಯೇ ಎಲುಬು. ಹಾಗಾಗಿ ಕಂಡಕಂಡಲ್ಲಿ ಪಟ್ಟಿ ಕತ್ತರಿಸುವಂತಿಲ್ಲ. ಎರಡು, ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನು. ಎರಡೂ ನಮಗೆ ಗೊತ್ತಿತ್ತು. ಎರಡನೆಯದರ ಅರ್ಥ ಬೆಟ್ಟದಲ್ಲಿ ಆಯಿತು.

ಸೀಟು ಬಿಚ್ಚುವ ಮುಂಚೆ ಆರ್‌ಟಿಒ ಕಚೇರಿಗೆ ಹೋಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದಿರುವುದಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಂತ ಬಂತು. ನಾವು ಅರ್ಜಿ, ಪರೀಕ್ಷೆ, ಮತ್ತೆ ಅರ್ಜಿ ಅಂತ ಓಡಾಡಿದ ಮೇಲೇ ಸ್ಪ್ಯಾನರ್ ಮುಟ್ಟಿದ್ದು. ಆ ಕಥೆ ಬೇಜಾರಿನದು, ಬಿಡಿ.

ಸೀಟಿನ ಕೆಳಗಿನ ರಬ್ಬರ್ ಮ್ಯಾಟ್ ಎತ್ತಿದರೆ ಎಡಗಡೆ ಬಾಗಿಲ ಹತ್ತಿರ ನೆಲವೆಲ್ಲ ಕೆಂಪು. ವರ್ಷಗಟ್ಟಲೆ ಒದ್ದೆ ಚಪ್ಪಲಿ ಹತ್ತಿ ಇಳಿದ ಜಾಗ. ತಂತಿ ಬ್ರಷ್ ಹಾಕಿ ಉಜ್ಜಿ, ಸುತ್ತಿಗೆಯ ಹಿಡಿಯಲ್ಲಿ ಕುಟ್ಟಿ ನೋಡಿದರು. ಟಣ್ ಅಂದರೆ ಸರಿ, ಡಬ್ ಅಂದರೆ ತುಕ್ಕು ಒಳಗೆ ಇಳಿದಿದೆ ಅಂತ. ರೈಲ್ವೆಯಲ್ಲಿ ಕಲಿತ ಪರೀಕ್ಷೆ. ಅಂಗೈಯಷ್ಟಗಲ ಎರಡು ಕಡೆ ಡಬ್ ಅಂತು. ಅಲ್ಲಿ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆವು. ಉಳಿದ ಕಡೆ ಫಾಸ್ಫಾರಿಕ್ ಆಮ್ಲದ ತುಕ್ಕುನಾಶಕ ಬಳಿದು, ಒಣಗಿದ ಮೇಲೆ ಜಿಂಕ್ ಪ್ರೈಮರ್ ಎರಡು ಕೋಟು.

ಬಿಸಿಲು ತಡೆಯಲು ಗೋಡೆಗೆ ಏನು ಅಂಟಿಸುವುದು ಅಂತ ತುಂಬ ಜನ ಕೇಳುತ್ತಾರೆ. ಗಾಜಿನ ಎಳೆಗಳ ಹತ್ತಿಯಂಥ ಗ್ಲಾಸ್ ವೂಲ್ ಬೇಡ. ಮುಚ್ಚಿದ ಗಾಡಿಯಲ್ಲಿ ಇಬ್ಬರು ಮಲಗಿದರೆ ಉಸಿರು, ಬೆವರಿನಿಂದಲೇ ರಾತ್ರಿಗೆ ಅರ್ಧ ಲೀಟರಿಗಿಂತ ಜಾಸ್ತಿ ನೀರು ಗಾಳಿಗೆ ಸೇರುತ್ತದೆ. ಅದು ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ, ಗ್ಲಾಸ್ ವೂಲ್ ಹೀರಿ ಕೂರುತ್ತದೆ, ಹಿಂದೆ ತಗಡು ತುಕ್ಕು ಹಿಡಿಯುತ್ತದೆ. ಏಸಿ ಪೈಪಿನ ಸುತ್ತ ಹಾಕುವ ಕಪ್ಪು ನೈಟ್ರೈಲ್ ರಬ್ಬರ್ ಶೀಟ್ ಬರುತ್ತದಲ್ಲ, ಅದು ನೀರು ಕುಡಿಯುವುದಿಲ್ಲ. 19 ಮಿಲಿಮೀಟರಿನದನ್ನು ಗೋಡೆಗೂ ಚಾವಣಿಗೂ ಅಂಟಿಸಿದೆವು. ಮೇ ತಿಂಗಳ ಮಧ್ಯಾಹ್ನ ಒಳಗೆ ಕೂತು ಕೆಲಸ ಮಾಡುವಂತಾಯಿತು, ಅಷ್ಟು ಸಾಕು.

ಮರದ ಕೆಲಸ, ಮೊದಲ ಸಲ

ಇಲ್ಲೇ ನಾವು ಎಡವಿದ್ದು. ಮನೆಗೆ ವಾರ್ಡ್‌ರೋಬ್, ಅಡುಗೆಮನೆ ಕಪಾಟು ಮಾಡುವ ಒಬ್ಬ ಬಡಗಿಯನ್ನು ಕರೆದೆವು. ಕೈ ಕೆಲಸ ಚೆನ್ನ. ಆದರೆ ಅವರಿಗೆ ಗೊತ್ತಿದ್ದದ್ದು 18 ಎಂಎಂ ಪ್ಲೈವುಡ್. "ಇಪ್ಪತ್ತು ವರ್ಷ ಗ್ಯಾರಂಟಿ ಮೇಡಂ" ಅಂದರು. ಇಪ್ಪತ್ತು ವರ್ಷ ನಾವೇ ಗ್ಯಾರಂಟಿ ಇಲ್ಲ, ಆದರೂ ಖುಷಿಯಾಯಿತು. ಏಳು ಹಾಳೆ ಹೋಯಿತು. ಮಂಚ, ಮಂಚದ ಕೆಳಗೆ ಡ್ರಾಯರು, ಎಡಗಡೆ ಉದ್ದಕ್ಕೂ ಅಡುಗೆ ಕಟ್ಟೆ, ಮೇಲೆ ಕಪಾಟು. ನೋಡಲು ಸರಸ್ವತಿಪುರಂನ ಯಾವುದೋ ಹೊಸ ಅಪಾರ್ಟ್‌ಮೆಂಟಿನ ಅಡುಗೆಮನೆಯ ಹಾಗಿತ್ತು. ನೆಂಟರೆಲ್ಲ ಬಂದು ಫೋಟೋ ತೆಗೆದುಕೊಂಡು ಹೋದರು.

ಒಂದು ಹಾಳೆಯನ್ನೂ ಯಾರೂ ತೂಗಲಿಲ್ಲ. 8 ಅಡಿ ಉದ್ದ, 4 ಅಡಿ ಅಗಲದ 18 ಎಂಎಂ ಹಾಳೆ ಒಂದಕ್ಕೆ ಸುಮಾರು 35 ಕಿಲೋ. ಏಳಕ್ಕೆ 245. ಮೂರು ಜನ ದೊಡ್ಡವರನ್ನು ಒಳಗೆ ಕೂರಿಸಿಕೊಂಡು, ಎಲ್ಲೂ ಇಳಿಸದೆ ದೇಶ ಸುತ್ತಿದ ಹಾಗೆ.

ನೀರಿನ ಟ್ಯಾಂಕು 60 ಲೀಟರಿನವು ಎರಡು, ಮಂಚದ ಕೆಳಗೆ, ಹಿಂಬಾಗಿಲಿಗೆ ಅಂಟಿಕೊಂಡು. ತುಂಬಿಸುವುದು ಸುಲಭ ಅಂತ. ಬ್ಯಾಟರಿ ಅದರ ಪಕ್ಕ. ಇವರ ಉಪಕರಣದ ಪೆಟ್ಟಿಗೆ ಅದರ ಪಕ್ಕ. ಖಾಲಿ ಜಾಗ ಎಲ್ಲಿ ಕಂಡಿತೋ ಅಲ್ಲಿ ಇಟ್ಟೆವು. ಜಾಗ ಇದ್ದದ್ದೆಲ್ಲ ಹಿಂದೆ.

ಕರೆಂಟು

ನನ್ನ ಭಾಗ. ಇಲ್ಲಿ ತಪ್ಪು ನನ್ನದೇ, ಬೇರೆಯವರ ಮೇಲೆ ಹಾಕಲು ಆಗುವುದಿಲ್ಲ.

ಮೊದಲು ಇಂಡಕ್ಷನ್ ಒಲೆ ಆಸೆಯಿತ್ತು. ಲೆಕ್ಕ ಹಾಕಿದೆ. 2,000 ವ್ಯಾಟ್ ಒಲೆಗೆ 12.8 ವೋಲ್ಟಿನ ಬ್ಯಾಟರಿಯಿಂದ 156 ಆಂಪಿಯರ್ ಬೇಕು. ಇನ್ವರ್ಟರ್ ತಿನ್ನುವುದು ಬೇರೆ. ಅಷ್ಟು ಕರೆಂಟಿಗೆ ಹೆಬ್ಬೆರಳು ದಪ್ಪದ ವೈರ್, ಅದಕ್ಕೆ ತಕ್ಕ ಬ್ಯಾಟರಿ. ಒಂದು ಸಾರು, ಒಂದು ಮುದ್ದೆಗೆ ಇಷ್ಟೆಲ್ಲ ಯಾಕೆ? 5 ಕಿಲೋದ ಸಣ್ಣ ಸಿಲಿಂಡರ್ ಸಾಕು ಅಂತ ತೀರ್ಮಾನ ಆಯಿತು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಹರಡಿಕೊಳ್ಳುತ್ತದೆ, ನಾವು ಮಲಗುವ ಮಟ್ಟದಲ್ಲಿ. ಅದಕ್ಕೇ ಸಿಲಿಂಡರಿಗೆ ಒಳಗಿನಿಂದ ಪೂರ್ತಿ ಮುಚ್ಚಿದ ಬೇರೆ ಪೆಟ್ಟಿಗೆ. ಅದರ ತಳದಲ್ಲಿ ನೆಲ ತೂತು ಮಾಡಿ, ಸೋರಿದ ಗ್ಯಾಸು ರಸ್ತೆಗೆ ಇಳಿಯುವ ಹಾಗೆ ದಾರಿ. ಈ ತೂತು ಮಾಡದೆ ಗ್ಯಾಸ್ ಇಟ್ಟುಕೊಂಡು ಓಡಾಡುವವರನ್ನು ನೋಡಿದ್ದೇನೆ. ನೋಡಿದರೆ ಮೈ ಜುಂ ಅನ್ನುತ್ತದೆ.

ಬ್ಯಾಟರಿಗೆ ದುಡ್ಡು ಉಳಿಸಲು ಮನೆಯ ಯುಪಿಎಸ್‌ನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಎತ್ತಿಟ್ಟೆ. ಚಾವಣಿಗೆ 330 ವ್ಯಾಟಿನ ಒಂದು ಸೋಲಾರ್ ಫಲಕ, ಫಲಕದ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ತುಂಬುವ ಎಂಪಿಪಿಟಿ ಕಂಟ್ರೋಲರ್, 12 ವೋಲ್ಟಿನ ಕಂಪ್ರೆಸರ್ ಫ್ರಿಜ್. ಹಗಲು ಎಲ್ಲ ಸರಿ. ರಾತ್ರಿ ಎರಡು ಗಂಟೆಗೆ ಫ್ರಿಜ್ ಕುಂಯ್ ಅಂದು ನಿಲ್ಲುತ್ತಿತ್ತು. ಬೆಳಗ್ಗೆ ಹಾಲು ಒಡೆದಿರುತ್ತಿತ್ತು. ಫ್ರಿಜ್ ಕೆಟ್ಟಿದೆ ಅಂತ ಅಂಗಡಿಗೆ ಹೊತ್ತುಕೊಂಡು ಹೋದೆವು. ಅವರು ಅಲ್ಲಿ ಹಾಕಿ ತೋರಿಸಿದರು, ಚೆನ್ನಾಗಿಯೇ ಓಡಿತು. ಮನೆಗೆ ತಂದರೆ ಮತ್ತೆ ಅದೇ ರಾಗ.

ಕೊನೆಗೆ ಮಲ್ಟಿಮೀಟರ್ ಹಿಡಿದು ರಾತ್ರಿ ಗಾಡಿಯೊಳಗೆ ಕೂತೆ. ಬ್ಯಾಟರಿ ಹತ್ತಿರ 12.1 ವೋಲ್ಟ್. ಫ್ರಿಜ್ಜಿನ ಪಿನ್ನಿನಲ್ಲಿ, ಕಂಪ್ರೆಸರ್ ಎದ್ದೇಳುವ ಕ್ಷಣಕ್ಕೆ, 10.9. ಅಷ್ಟು ಕಡಿಮೆ ಸಿಕ್ಕಿದ್ದಕ್ಕೇ ಅದು ನಿಲ್ಲುತ್ತಿದ್ದದ್ದು. ಮಧ್ಯದ 1.2 ವೋಲ್ಟ್ ಎಲ್ಲಿ ಹೋಯಿತು? ವೈರ್ ತಿಂದಿತ್ತು. ಮನೆ ವೈರಿಂಗಿನಲ್ಲಿ ಉಳಿದಿದ್ದ 1.5 ಸ್ಕ್ವೇರ್ ಎಂಎಂ ವೈರನ್ನೇ ಎಳೆದಿದ್ದೆ. ಹೋಗಲು 5 ಮೀಟರ್, ಬರಲು 5. ತಾಮ್ರಕ್ಕೆ ಲೆಕ್ಕ ಸುಲಭ: 0.0175 ಅನ್ನು ಒಟ್ಟು ಉದ್ದದಿಂದ ಗುಣಿಸಿ, ವೈರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿ. 0.117 ಓಮ್ ಬಂತು. ಏಳುವಾಗ ಫ್ರಿಜ್ 10 ಆಂಪಿಯರ್ ಎಳೆದರೆ ಸರಿಯಾಗಿ 1.2 ವೋಲ್ಟ್ ಮಾಯ. ಮನೆಯ 230 ವೋಲ್ಟಿನಲ್ಲಿ 1.2 ಹೋದರೆ ಯಾರಿಗೂ ಗೊತ್ತಾಗಲ್ಲ. 12ರಲ್ಲಿ ಹೋದರೆ ಹತ್ತರಲ್ಲಿ ಒಂದು ಪಾಲು ಹೋಯಿತು. ಓಮನ ನಿಯಮವನ್ನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು ನಾನು. ಇವರು ಏನೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಜಾಸ್ತಿ ಚುಚ್ಚಿತು. 6 ಸ್ಕ್ವೇರ್ ಎಂಎಂ ವೈರ್ ತಂದು ಬದಲಾಯಿಸಿದೆ, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಹಾಕಿದೆ. ನಷ್ಟ 0.3 ವೋಲ್ಟಿಗೆ ಇಳಿಯಿತು. ಹಾಲು ಒಡೆಯುವುದು ನಿಂತಿತು.

ವೇಬ್ರಿಡ್ಜ್

ಬೆಟ್ಟದಿಂದ ವಾಪಸ್ ಬಂದ ದಿನ ಇವರು ಟೇಪ್ ಹಿಡಿದು ನಾಲ್ಕೂ ಚಕ್ರದ ಮೇಲಿನ ಕಮಾನಿನ ಎತ್ತರ ಅಳೆದರು. ಹಿಂದಿನ ಎಡಗಡೆ, ಬಲಗಡೆಗಿಂತ 28 ಎಂಎಂ ತಗ್ಗಿತ್ತು. ಮಾರನೇ ದಿನ ಪಾಂಡವಪುರದ ಕಡೆ, ಕಬ್ಬಿನ ಲಾರಿಗಳು ಸಾಲುಗಟ್ಟುವ ಒಂದು ವೇಬ್ರಿಡ್ಜಿಗೆ ಹೋದೆವು. ಡೀಸೆಲ್ ಫುಲ್, ನೀರು ಫುಲ್, ಪಾತ್ರೆ ಪಡಗ ಎಲ್ಲ ಒಳಗೆ, ನಾವಿಬ್ಬರೂ ಸೀಟಿನಲ್ಲಿ. ಎರಡು ಟ್ರ್ಯಾಕ್ಟರುಗಳ ಮಧ್ಯೆ ಬಿಳಿ ವಿಂಗರ್.

"ಏನ್ ಸಾ, ಕಬ್ಬೆಲ್ಲಿ?" ಅಂದ ತೂಕದ ಹುಡುಗ. ಬಾಗಿಲು ತೆಗೆದು ತೋರಿಸಿದೆವು. "ಅಯ್ಯೋ, ಮನೇನೇ ಮಡಿಕ್ಕಂಡ್ ಬಂದಿದ್ದೀರಲ್ಲ!"

ಮೊದಲು ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ, ಒಂದು ಚೀಟಿ. ಆಮೇಲೆ ಪೂರ್ತಿ ಗಾಡಿ, ಇನ್ನೊಂದು ಚೀಟಿ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹಿಂದಿನ ಚಕ್ರದ ಪಾಲು. ಇಷ್ಟೇ ಉಪಾಯ. ಆರ್‌ಸಿಯಲ್ಲಿ ಬರೆದ ಮಿತಿಗಿಂತ ಗಾಡಿ 170 ಕಿಲೋ ಜಾಸ್ತಿ. ಅದಕ್ಕಿಂತ ಕೆಟ್ಟ ಸುದ್ದಿ, ಒಟ್ಟು ತೂಕದಲ್ಲಿ ಮುಂದಿನ ಚಕ್ರದ ಮೇಲೆ ಇದ್ದದ್ದು ನೂರಕ್ಕೆ 41 ಮಾತ್ರ. ಎಳೆಯುವ ಚಕ್ರದ ಮೇಲೆ ಭಾರ ಇಲ್ಲದಿದ್ದರೆ ಅದು ರಸ್ತೆಯನ್ನು ಹಿಡಿಯುವುದು ಹೇಗೆ? ಏರಿನಲ್ಲಿ ಇರುವ ಅಷ್ಟಿಷ್ಟು ಭಾರವೂ ಹಿಂದಕ್ಕೆ ಜಾರುತ್ತದೆ.

ಇವರಿಗೆ ನೀರಿನ ಟ್ಯಾಂಕಿನ ವಿಷಯ ಒಪ್ಪಿಸಲು ಸ್ವಲ್ಪ ಹೊತ್ತು ಬೇಕಾಯಿತು. "120 ಲೀಟರ್ ಅಂದರೆ 120 ಕಿಲೋ. ಎಲ್ಲಿಟ್ಟರೂ ಅಷ್ಟೇ ಅಲ್ವಾ?" ಅಂತ ವಾದ. ಏತ ನೆನಪು ಮಾಡಿಸಿದೆ. ಇವರ ಊರಿನ ಬಾವಿಯಲ್ಲಿ ಇತ್ತಂತೆ. ಏತದ ಮರದ ಹಿಂದಿನ ತುದಿಗೆ ಕಲ್ಲು ಕಟ್ಟಿದರೆ ಮುಂದಿನ ತುದಿಯ ಬಾನಿ ತಾನಾಗಿ ಮೇಲೆ ಬರುತ್ತದೆ. ಏತದ ಮರವನ್ನು ಹೊತ್ತ ಕಂಬ ಇದೆಯಲ್ಲ, ನಮ್ಮ ಗಾಡಿಗೆ ಹಿಂದಿನ ಆಕ್ಸಲ್ ಅದೇ. ನಮ್ಮ ಟ್ಯಾಂಕು ಅದರಿಂದ 80 ಸೆಂಟಿಮೀಟರ್ ಹಿಂದೆ. ಎರಡು ಆಕ್ಸಲ್‌ಗಳ ನಡುವೆ ಸುಮಾರು 3.2 ಮೀಟರ್. ನಾಲ್ಕರಲ್ಲಿ ಒಂದು ಪಾಲು. ಅಂದರೆ 120 ಕಿಲೋ ನೀರು ಹಿಂದಿನ ಚಕ್ರವನ್ನು 150 ಕಿಲೋದಷ್ಟು ಒತ್ತುತ್ತದೆ, ಮುಂದಿನ ಚಕ್ರದಿಂದ 30 ಕಿಲೋ ಎತ್ತಿಬಿಡುತ್ತದೆ. ಇವರು ಚೀಟಿಯ ಹಿಂದೆ ತಾವೇ ಒಂದು ಸಲ ಲೆಕ್ಕ ಹಾಕಿದರು. ಆಮೇಲೆ, "ಬಿಚ್ಚೋಣ" ಅಂದರು.

ಎರಡನೇ ಸಲ

ಇಪ್ಪತ್ತು ವರ್ಷ ಗ್ಯಾರಂಟಿಯ ಮರಗೆಲಸ ಎರಡು ದಿನದಲ್ಲಿ ಹೊರಗೆ ಬಂತು. ಮಂಚದ ಹಲಗೆ ಈಗ ಮಗಳ ಮನೆಯಲ್ಲಿ ಪುಸ್ತಕದ ಕಪಾಟು. ಈ ಸಲ ಇವರೇ ಕೂತು ಮಾಡಿದರು. ಹುಣಸೂರು ಕಡೆಯ ಸಾಮಿಲ್ಲಿನಿಂದ ಸಿಲ್ವರ್ ಓಕ್ ರೀಪರ್ ತಂದರು. ಕೊಡಗಿನ ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಮರ. ಹಗುರ, ಮೊಳೆಗಿಂತ ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ. ಅದರ ಚೌಕಟ್ಟಿಗೆ 12 ಎಂಎಂ ಪ್ಲೈ, ಅದೂ ಬೇಕಾದ ಕಡೆ ಮಾತ್ರ. ಕಪಾಟಿಗೆ ಬಾಗಿಲೇ ಇಲ್ಲ, ನಾನು ಹೊಲಿದ ಖಾದಿ ಪರದೆ. ನಾಲ್ಕು ಹಾಳೆ 92 ಕಿಲೋ, ಚೌಕಟ್ಟು 45. ಇಲ್ಲೇ 108 ಕಿಲೋ ಇಳಿಯಿತು.

ಟ್ಯೂಬ್ಯುಲರ್ ಬ್ಯಾಟರಿ ತೂಗಿದರೆ 56 ಕಿಲೋ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಸಿಗುವುದು 900 ವ್ಯಾಟ್-ಅವರ್. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 12 ಕಿಲೋ, ಸಿಗುವುದು 1,100ರ ಹತ್ತಿರ. ಜೇಬಿಗೆ ನೋವಾಯಿತು, ತಗೊಂಡೆ. ಎರಡು ಎಚ್ಚರಿಕೆ ಹೇಳಿಬಿಡುತ್ತೇನೆ. ಇದನ್ನು ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಗಾಡಿಯ ಆಲ್ಟರ್ನೇಟರಿಗೆ ನೇರ ಕಟ್ಟಬೇಡಿ, ಬಾಯಾರಿದ ದನದ ಹಾಗೆ ಎಳೆಯುತ್ತದೆ, ಆಲ್ಟರ್ನೇಟರ್ ಸುಡುತ್ತದೆ. ಆ ಎಳೆತಕ್ಕೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಮಧ್ಯೆ ಇರಲಿ. ಇನ್ನೊಂದು, ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ಮೈಸೂರಿನಲ್ಲಿ ಇದು ನಗುವ ಮಾತು. ಡಿಸೆಂಬರಿನ ಮೌಂಟ್ ಅಬುವಿನಲ್ಲಿ ಅಲ್ಲ. ಚಳಿಗೆ ತಾನೇ ಚಾರ್ಜ್ ನಿಲ್ಲಿಸುವ ಬ್ಯಾಟರಿಯನ್ನೇ ಕೇಳಿ ತಗೊಂಡೆವು.

ಟ್ಯಾಂಕು ಒಂದೇ, 60 ಲೀಟರು, ಡ್ರೈವರ್ ಸೀಟಿನ ಹಿಂದೆ ಬಲಗಡೆ. ಅಡುಗೆ ಕಟ್ಟೆ ಎಡಗಡೆ ಇರುವುದರಿಂದ ಸಮ ಆಯಿತು. ನೀರು ದಾರಿಯಲ್ಲಿ ಸಿಗುತ್ತದೆ. ಬಂಕ್‌ನಲ್ಲಿ ಡೀಸೆಲ್ ಹಾಕಿಸುವಾಗ ಕೇಳಿದರೆ ಯಾರು ಬೇಡ ಅಂತಾರೆ?

ಪ್ಲೈವುಡ್ ಬಿಚ್ಚಿದ್ದು ಸುಲಭ. ಸಾಮಾನು ಇಳಿಸಿದ್ದು ಕಷ್ಟ. ಅಷ್ಟರಲ್ಲಿ ನವರಾತ್ರಿ ಬಂತು. ಆಯುಧ ಪೂಜೆಗೆ ಗಾಡಿ ತೊಳೆದು, ಬೂದುಗುಂಬಳ ಒಡೆದು, ಇವರ ಉಪಕರಣಗಳಿಗೆಲ್ಲ ಕುಂಕುಮ ಇಟ್ಟೆ. ವಿಜಯದಶಮಿ ಕಳೆದ ಮೇಲೆ ಪೆಟ್ಟಿಗೆಯನ್ನು ತಕ್ಕಡಿಗೆ ಹಾಕಿದರೆ 46 ಕಿಲೋ. "ಅರ್ಧ ಇಳಿಸಿ ರೀ" ಅಂದೆ. "ಮೊನ್ನೆ ಪೂಜೆ ಮಾಡಿದ ಸ್ಪ್ಯಾನರನ್ನು ಮನೇಲಿ ಬಿಟ್ಟು ಹೋಗೋದಾ?" ಅಂದರು. ಬೆಂಚ್ ವೈಸ್ ಬೇಕಂತೆ. ಬೆಂಚೇ ಇಲ್ಲ! "ಹಾಗಾದರೆ ನಿನ್ನ ಹಿತ್ತಾಳೆ ಕೊಳಗ?" ಅಂತ ತಿರುಗುಬಾಣ. ನನ್ನ ಅಡುಗೆ ಸಾಮಾನು 38 ಕಿಲೋ ಬಂತು. ಉಪ್ಪಿನಕಾಯಿಯ ಭರಣಿ ಒಂದೇ ನಾಲ್ಕೂವರೆ. ಒಂದು ಸಂಜೆ ಪೂರ್ತಿ ಜಗಲಿಯ ಮೇಲೆ ಕೂತು ಒಂದೊಂದೇ ಎತ್ತಿ ತೂಗಿ ಜಗಳ ಆಡಿದೆವು. ಅವರ ವೈಸ್ ಇಳಿಯಿತು, ನನ್ನ ಕೊಳಗ ಇಳಿಯಿತು. ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ಹೋಯಿತು. ಮುದ್ದೆ ಕೋಲು ಉಳಿಯಿತು, ಅದು 200 ಗ್ರಾಂ. ಕೊನೆಗೆ ಅವರದು 17, ನನ್ನದು 21. ನನ್ನದೇ ಜಾಸ್ತಿ ಇದೆ ಅಂತ ಇವತ್ತಿಗೂ ಹೇಳುತ್ತಾರೆ.

ಎರಡನೇ ಪರೀಕ್ಷೆಗೆ ಮೇಲುಕೋಟೆ ಏರು. ಮಳೆಯೂ ಇತ್ತು, ನಮ್ಮ ಪುಣ್ಯ. ಏರಿನ ಮಧ್ಯೆ ಬೇಕಂತಲೇ ನಿಲ್ಲಿಸಿ, ಫಸ್ಟ್ ಗೇರ್ ಹಾಕಿ, ಕ್ಲಚ್ ಬಿಟ್ಟರು. ಗಾಡಿ ಎತ್ತಿನ ಹಾಗೆ ಕತ್ತು ಬಗ್ಗಿಸಿ ಎಳೆಯಿತು. ಇನ್ನೊಂದು ಸಲ ನಿಲ್ಲಿಸಿದರು, ಮತ್ತೆ ಎಳೆಯಿತು. ಮೂರನೇ ಸಲಕ್ಕೆ ಹಿಂದಿನ ಕಾರಿನವನು ಹಾರ್ನ್ ಹೊಡೆದ. ಮೇಲೆ ಹೋಗಿ ಪುಳಿಯೋಗರೆ ತಿಂದು, ಟ್ಯಾಂಕು ಪೂರ್ತಿ ತುಂಬಿಸಿಕೊಂಡು, ಡೀಸೆಲ್ ಫುಲ್ ಮಾಡಿಸಿ, ಅದೇ ವೇಬ್ರಿಡ್ಜಿಗೆ ಬಂದೆವು. ಬೇರೆ ಕಡೆ ತೂಗಿದರೆ ಹೋಲಿಸಲು ಬರುವುದಿಲ್ಲ.

"ಅದೇ ಮನೆ ಬಂತು ನೋಡ್ಲಾ" ಅಂತ ಆ ಹುಡುಗ ಒಳಗಿದ್ದವನನ್ನು ಕರೆದ.

ಮಿತಿಗಿಂತ 90 ಕಿಲೋ ಕಡಿಮೆ. ಮುಂದಿನ ಚಕ್ರಕ್ಕೆ ನೂರಕ್ಕೆ 46. ನನ್ನ ಪುಸ್ತಕದ ಲೆಕ್ಕದಲ್ಲಿ ಮಿತಿಗಿಂತ 88 ಕಿಲೋ ಕಡಿಮೆ ಬಂದಿತ್ತು. ಅಲ್ಲಿನ ಯಂತ್ರ ಹತ್ತು ಹತ್ತು ಕಿಲೋ ಲೆಕ್ಕದಲ್ಲಿ ತೋರಿಸುವುದು, ಹಾಗಾಗಿ ಸರಿಯೇ. ಇವರು ಚೀಟಿಯನ್ನು ಬಾಗಿಲ ಒಳಗಡೆ ಟೇಪ್ ಹಾಕಿ ಅಂಟಿಸಿದರು.

ಅಲ್ಲಿಂದ ಒಂದು ಕಿಲೋಮೀಟರ್ ಬಂದಿರಲಿಲ್ಲ, ರಸ್ತೆ ಪಕ್ಕ ಆಲೆಮನೆ. ಹೊಗೆ ಏಳುತ್ತಿತ್ತು, ಬಿಸಿ ಬೆಲ್ಲದ ವಾಸನೆ ಗಾಡಿಯೊಳಗೆಲ್ಲ ತುಂಬಿತು. ಇವರೇ ನಿಲ್ಲಿಸಿದರು, ನಾನು ಹೇಳಲಿಲ್ಲ. ಐದು ಕಿಲೋ ಅಚ್ಚು ಬೆಲ್ಲ ತಗೊಂಡು ಬಂದು, ಜೇಬಿನಿಂದ ಪೆನ್ನು ತೆಗೆದು, ಚೀಟಿಯ ಕೆಳಗೆ "+5" ಅಂತ ಬರೆದರು.